ಶಿವಾಜಿನಗರಕ್ಕೆ ಮನೆ ಮಾಡುವ ಮುನ್ನ

ಮಲೆನಾಡಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ನನ್ನ ಗೆಳೆಯರೊಬ್ಬರಿಗೆ ಬೆಂಗಳೂರಿಗೆ ವರ್ಗವಾಯಿತು. ಕಾಲೇಜು ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹತ್ತಿರ. ಮನೆ ಹುಡುಕಲು ಬಂದವರು ಎರಡು ದಿನ ನಮ್ಮಲ್ಲೇ ಉಳಿದರು. ಎರಡನೆಯ ದಿನ ರಾತ್ರಿ ಊಟವಾದ ಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಶಿವಾಜಿನಗರದ ಹತ್ತಿರ ಒಂದು ಮನೆ ನೋಡಿದೆ. ಮಹಡಿಯ ಮೇಲೆ, ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆಯೂ ಪರವಾಗಿಲ್ಲ. ಆದರೆ ಅಲ್ಲಿ... ಇರಬಹುದಾ?"

ಆ 'ಇರಬಹುದಾ' ಎಂಬ ಪದದಲ್ಲಿ ಎಷ್ಟೆಲ್ಲ ಇತ್ತು! ನನಗೆ ಬೇಸರವಾಗಲಿಲ್ಲ. ಅವರು ಒಳ್ಳೆಯ ಮನುಷ್ಯ. ಪ್ರಶ್ನೆಯನ್ನು ಬೆನ್ನ ಹಿಂದೆ ಇನ್ನೊಬ್ಬರಲ್ಲಿ ಕೇಳದೆ ನನ್ನಲ್ಲೇ ಕೇಳಿದರಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಆದರೆ ಉತ್ತರವನ್ನು ಹೌದು-ಅಲ್ಲಗಳಲ್ಲಿ ಹೇಳಲು ಬರುವಂತಿರಲಿಲ್ಲ. ಮನೆಯ ಗೋಡೆ, ನಲ್ಲಿ, ಬಾಗಿಲುಗಳನ್ನು ಅವರೇ ನೋಡಿ ಬಂದಿದ್ದರು. ನೋಡಲು ಸಿಗದಿದ್ದುದು ಬೀದಿಯ ಹಿಂದಿನ ಕತೆ. ಅಂದು ರಾತ್ರಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಬೆಂಗಳೂರು ಒಂದು ಊರಲ್ಲ, ಎರಡು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಒಂದು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ಕಾಟನ್‌ಪೇಟೆಗಳ ಊರು ಅದು. ಇನ್ನೊಂದು ದಂಡು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಲ್ಲೇ ಇಟ್ಟಿದ್ದರು. ಅಲ್ಲಿಯ ಸೊಳ್ಳೆ ಮತ್ತು ಜ್ವರ ಸಿಪಾಯಿಗಳನ್ನು ಬಿಡಲಿಲ್ಲ. ಕೋಟೆಯನ್ನು ಗೆದ್ದವರು ಸೊಳ್ಳೆಗೆ ಸೋತು, 1809ರಲ್ಲಿ ಹಲಸೂರಿನ ಸುತ್ತಿನ ಎತ್ತರದ ಬಯಲಿಗೆ ದಂಡನ್ನು ಸಾಗಿಸಿದರು. ಹಳಬರು ಇವತ್ತಿಗೂ ಕಂಟೋನ್ಮೆಂಟ್ ಅನ್ನುವುದಿಲ್ಲ, 'ದಂಡು' ಅನ್ನುತ್ತಾರೆ.

ಈ ಎರಡು ಊರುಗಳ ನಡುವೆ ಬಯಲಿತ್ತು. ಕಬ್ಬನ್ ಪಾರ್ಕ್ ಆ ಬಯಲಿನಲ್ಲೇ ಎದ್ದದ್ದು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ಇಂಗ್ಲಿಷರು ದಂಡನ್ನು ಬಿಟ್ಟುಕೊಡಲಿಲ್ಲ. 'ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಅದನ್ನು ರೆಸಿಡೆಂಟನ ಕೈಯಲ್ಲಿಟ್ಟುಕೊಂಡರು. ಪಾರ್ಕಿನ ಆಚೆ ಮಹಾರಾಜರ ಆಡಳಿತ, ಈಚೆ ರೆಸಿಡೆಂಟನ ಆಡಳಿತ. ಪುರಸಭೆಯೂ ಬೇರೆ, ಪೊಲೀಸೂ ಬೇರೆ. 1947ರಲ್ಲಷ್ಟೇ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು. ಹೀಗೆ ಒಂದಾದ ಊರು 2025ರ ಸೆಪ್ಟೆಂಬರಿನಲ್ಲಿ ಮತ್ತೆ ಐದು ಪಾಲಿಕೆಗಳಾಗಿ ಒಡೆದಿದೆ. ಶಿವಾಜಿನಗರ ಈಗ ಕೇಂದ್ರ ಪಾಲಿಕೆಯಲ್ಲಿದೆ, ವಿಚಿತ್ರವೆಂದರೆ ಚಾಮರಾಜಪೇಟೆ, ಚಿಕ್ಕಪೇಟೆಗಳ ಜೊತೆಗೇ. ದಂಡೂ ಪೇಟೆಯೂ ಒಂದೇ ಸೂರಿನಡಿ ಬಂದಿವೆ.

"ಶಿವಾಜಿನಗರದಲ್ಲಿ ಕನ್ನಡವೇ ಕೇಳುವುದಿಲ್ಲ" ಎಂದು ದೂರುವವರು ಈ ಹಿನ್ನೆಲೆಯನ್ನು ಮರೆಯಬಾರದು. ದಂಡಿನೊಡನೆ ಬಂದದ್ದು ಮದ್ರಾಸಿನ ಸೈನ್ಯ. ಸೈನ್ಯವೆಂದರೆ ಬಂದೂಕು ಹಿಡಿದವರು ಮಾತ್ರವಲ್ಲ. ಕುದುರೆಗೆ ಹುಲ್ಲು ತರುವವರು, ಬಟ್ಟೆ ಒಗೆಯುವವರು, ದರ್ಜಿಗಳು, ಅಡುಗೆಯವರು, ಕಟುಕರು, ಗುತ್ತಿಗೆದಾರರು ಎಲ್ಲರೂ ಅದರ ಹಿಂದೆ ಬಂದರು. ಆರ್ಕಾಟಿನ ಕಡೆಯಿಂದ ಮೊದಲಿಯಾರರು, ಪಿಳ್ಳೆಗಳು, ತಮಿಳು ಮಾತಾಡುವ ಲಬ್ಬೈ ಮುಸಲ್ಮಾನರು ಬಂದರು. ಆಮೇಲೆ ಕಛ್‌ನಿಂದ ಮೇಮನ್ ವ್ಯಾಪಾರಿಗಳು, ರಾಜಸ್ಥಾನದಿಂದ ಸೇಠುಗಳು. ಪರ್ಶಿಯಾದ ಶಿರಾಜ್‌ನಿಂದ ಕುದುರೆಗಳನ್ನು ತಂದು ಮಾರಿದ ಆಗಾ ಅಲಿ ಅಸ್ಕರ್ ಕೂಡ ಈ ದಂಡಿನ ಗಿರಾಕಿಗಳನ್ನು ನಂಬಿಯೇ ಇಲ್ಲಿ ನೆಲೆನಿಂತವರು. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಈ ಜನರೆಲ್ಲ ಕನ್ನಡವನ್ನು ಓಡಿಸಿ ಇಲ್ಲಿ ಕೂತವರಲ್ಲ. ದಂಡಿಗೆ ಕನ್ನಡದ ಹಂಗೇ ಇಲ್ಲದಂತೆ ಇಂಗ್ಲಿಷರು ನೂರ ನಲವತ್ತು ವರ್ಷ ಅದನ್ನು ಬೇರೆಯಾಗಿಟ್ಟಿದ್ದರು.

ಬೀದಿಯ ಹೆಸರುಗಳನ್ನು ಓದುತ್ತಾ ನಡೆದರೆ ಸಾಕು, ಈ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇನ್‌ಫೆಂಟ್ರಿ ರಸ್ತೆ ಕಾಲಾಳುಗಳದ್ದು. ಈಗ ಕಾಮರಾಜ್ ರಸ್ತೆ ಎನ್ನುವುದು ಮೊದಲು ಕ್ಯಾವಲ್ರಿ ರಸ್ತೆ, ಅಂದರೆ ಕುದುರೆ ಸವಾರರದ್ದು. ಇಬ್ರಾಹಿಂ ಸಾಹೇಬ್ ಬೀದಿ, ನಾರಾಯಣ ಪಿಳ್ಳೆ ಬೀದಿ, ಮೀನಾಕ್ಷಿ ಕೋವಿಲ್ ಬೀದಿ, ಧರ್ಮರಾಜ ಕೋವಿಲ್ ಬೀದಿ, ಚಾಂದನಿ ಚೌಕ್ ಎಲ್ಲವೂ ಒಂದು ಮೈಲಿಯೊಳಗೆ. ಓ.ಪಿ.ಎಚ್. ರಸ್ತೆ ಎಂದು ಎಲ್ಲರೂ ಅನ್ನುತ್ತಾರೆ. ಅದು 'ಓಲ್ಡ್ ಪೂರ್ ಹೌಸ್', ಹಳೆಯ ಬಡವರ ಮನೆಯ ರಸ್ತೆ. ಈಗ ಅಲ್ಲಿ ಬಡವರಿಗೆ ಒಂದು ಚದರ ಅಡಿಯೂ ಸಿಗದು.

ಶಿವಾಜಿನಗರ ಎಂಬ ಹೆಸರು ಮಾತ್ರ ಈಚಿನದು. ಮೊದಲು ಇದು ಬ್ಲ್ಯಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ 'ಬಿಳಿಅಕ್ಕಿಪಲ್ಲಿ' ಇಂಗ್ಲಿಷರ ನಾಲಿಗೆಯಲ್ಲಿ ಹೀಗಾಯಿತು ಎನ್ನುವವರಿದ್ದಾರೆ. ಇಲ್ಲ, ದಂಡಿನ ನಕ್ಷೆ ಹಾಕಿದ ಬ್ಲ್ಯಾಕಿಸ್ಟನ್ ಎಂಬ ಎಂಜಿನಿಯರನ ಹೆಸರು ಅದು ಎನ್ನುವವರೂ ಇದ್ದಾರೆ. ನನಗೆ ಅಕ್ಕಿಯ ಕತೆಯೇ ಇಷ್ಟ. ಇಷ್ಟವೆಂಬುದು ಇತಿಹಾಸವಲ್ಲ ಎಂದು ಗೊತ್ತಿದ್ದೂ. ಇನ್ನು ಶಿವಾಜಿಯ ಹೆಸರು. ಮುಸಲ್ಮಾನರು ಹೆಚ್ಚಿರುವ ಬೀದಿಗೆ ಶಿವಾಜಿಯ ಹೆಸರೇ ಎಂದು ಹೊರಗಿನವರು ನಗುವುದನ್ನು ಕೇಳಿದ್ದೇನೆ. ನಗುವ ಮೊದಲು 1638ಕ್ಕೆ ಹೋಗಬೇಕು. ಆ ವರ್ಷ ಬಿಜಾಪುರದ ಆದಿಲ್‌ಶಾಹಿ ಸೈನ್ಯ ರಣದುಲ್ಲಾ ಖಾನನ ನೇತೃತ್ವದಲ್ಲಿ ಬೆಂಗಳೂರನ್ನು ಗೆದ್ದಿತು. ಆ ಸೈನ್ಯದಲ್ಲಿದ್ದವರು ಶಿವಾಜಿಯ ತಂದೆ ಶಹಾಜಿ. ಬೆಂಗಳೂರನ್ನು ಸುಲ್ತಾನರು ಅವರಿಗೇ ಜಹಗೀರು ಕೊಟ್ಟರು. ಬಾಲಕ ಶಿವಾಜಿ ತಂದೆಯ ಜೊತೆ ಇದೇ ಊರಿನಲ್ಲಿ ಕೆಲಕಾಲ ಇದ್ದ. ಅಂದರೆ ಮರಾಠ ಸರದಾರನೊಬ್ಬ ಬಿಜಾಪುರದ ಸುಲ್ತಾನನ ಪರವಾಗಿ ಕನ್ನಡದ ಊರನ್ನು ಆಳಿದ.

ಅಷ್ಟೇ ಅಲ್ಲ. ರಸೆಲ್ ಮಾರ್ಕೆಟಿನ ಹಣ್ಣಿನ ಅಂಗಡಿಯಲ್ಲಿ ಬೆಲೆ ಕಡಿಮೆ ಮಾಡು ಎಂದು ಕೇಳಿ ನೋಡಿ. ಹುಡುಗ 'ನಕ್ಕೊ' ಅನ್ನುತ್ತಾನೆ. ಲಖನೌ, ದೆಹಲಿಯ ಉರ್ದುವಿನಲ್ಲಿ ಈ ಪದವಿಲ್ಲ. ನಮ್ಮ ಉರ್ದು ಶಾಲೆಯ ಮೇಷ್ಟರು ನಾವು 'ನಕ್ಕೊ' ಎಂದರೆ ಬೆರಳ ಗಿಣ್ಣಿನ ಮೇಲೆ ಹೊಡೆಯುತ್ತಿದ್ದರು. ಇದು ಮರಾಠಿಯ 'ನಕೋ'. ದಖ್ಖನಿ ಭಾಷೆ ಮುನ್ನೂರು ನಾನ್ನೂರು ವರ್ಷದಿಂದ ಅದನ್ನು ಬಾಯಲ್ಲಿಟ್ಟುಕೊಂಡು ಬಂದಿದೆ. ಶಿವಾಜಿಯ ಮನೆಮಾತಿನ ಪದವೊಂದು ಶಿವಾಜಿನಗರದ ಮುಸಲ್ಮಾನ ಹುಡುಗನ ನಾಲಿಗೆಯಲ್ಲಿ ದಿನಕ್ಕೆ ನೂರು ಸಲ ಹೊರಳುತ್ತದೆ. ಇದು ಹೆಸರಿಟ್ಟವರಿಗೂ ಗೊತ್ತಿರಲಿಕ್ಕಿಲ್ಲ, ನಗುವವರಿಗೂ ಗೊತ್ತಿಲ್ಲ.

ಹೆಸರಿನ ಜಗಳ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇಲ್ಲಿಯ ಮೆಟ್ರೋ ನಿಲ್ದಾಣಕ್ಕೆ ಮೇರಿಯ ಹೆಸರಿಡಲು ಶಿಫಾರಸು ಮಾಡುವುದಾಗಿ ಹೇಳಿದರು. ಮಹಾರಾಷ್ಟ್ರದ ಮುಖ್ಯಮಂತ್ರಿಯವರೆಗೆ ಸಿಟ್ಟು ಹೋಯಿತು. ಆ ವಾರ ಪೇಪರುಗಳಲ್ಲಿ ಗದ್ದಲವೋ ಗದ್ದಲ. ಮಾರ್ಕೆಟಿನಲ್ಲಿ ಮಾತ್ರ ಟೊಮೆಟೊ ಬೆಲೆಯ ಮಾತೇ ಹೆಚ್ಚು ಕೇಳುತ್ತಿತ್ತು.

ಬೆಸಿಲಿಕಾದ ಬಗ್ಗೆ ನನ್ನ ಗೆಳೆಯರಿಗೆ ವಿಶೇಷವಾಗಿ ಹೇಳಿದೆ, ಏಕೆಂದರೆ ಅವರು ನೋಡಿದ ಮನೆಯ ಕಿಟಕಿಯಿಂದ ಅದರ ಗೋಪುರ ಕಾಣುತ್ತದೆ. ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ 1818ರಲ್ಲಿ ಇಲ್ಲೊಂದು ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿದರು. ಈಗಿರುವ ಕಟ್ಟಡ ಪೂರ್ಣವಾದದ್ದು 1882ರಲ್ಲಿ. ಬೆಸಿಲಿಕಾ ಎಂಬ ಗೌರವ 1974ರದು. ಒಳಗೆ ಮೇರಿ ಸೀರೆ ಉಟ್ಟು ನಿಂತಿದ್ದಾಳೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಕಾವಿ ಬಟ್ಟೆ ಉಟ್ಟವರು ದೂರದೂರದಿಂದ ನಡೆದು ಬರುತ್ತಾರೆ. ಕೊನೆಯ ದಿನ ಸಂಜೆ ತೇರು. ಬುರ್ಖಾ ತೊಟ್ಟ ಹೆಂಗಸರು ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತಿರುವುದನ್ನು ನಾನು ಮೊದಲ ವರ್ಷ ನೋಡಿ ಬೆರಗಾಗಿದ್ದೆ. ನಮ್ಮ ಮೌಲವಿಗಳು ಇದನ್ನು ಒಪ್ಪುವುದಿಲ್ಲ, ಅವರ ವಾದಕ್ಕೆ ಅವರ ಆಧಾರವಿದೆ. ಆದರೆ ಮಗುವಿನ ಜ್ವರ ಇಳಿಯದ ತಾಯಿ ವಾದ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆ ಹನ್ನೊಂದು ದಿನ ರಸ್ತೆ ಬಂದ್. ಆಟೋ ಬರುವುದಿಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬೇಕಾದರೆ ಮೊದಲೇ ಹೇಳಿಟ್ಟುಕೊಳ್ಳಬೇಕು.

ಸದ್ದಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಫಜರ್ ಆಜಾನ್, ಅದರ ಹಿಂದೆ ಚರ್ಚಿನ ಗಂಟೆ, ಆಮೇಲೆ ದೇವಸ್ಥಾನದ ಸುಪ್ರಭಾತ, ಇವೆಲ್ಲಕ್ಕಿಂತ ಮೊದಲು ಮಾರ್ಕೆಟಿಗೆ ಕುರಿ, ತರಕಾರಿ ಇಳಿಸುವ ಲಾರಿಗಳ ಹಾರನ್. ಏಕಾಂಬರೇಶ್ವರ ಧರ್ಮರಾಜ ದೇವಸ್ಥಾನದ ಕರಗ ಬಂದರೆ ರಾತ್ರಿಯಿಡೀ ತಮಟೆ. ರಂಜಾನಿನಲ್ಲಿ ಇಡೀ ಪ್ರದೇಶ ಬೆಳಗಿನ ಜಾವದವರೆಗೆ ಎಚ್ಚರವಾಗಿರುತ್ತದೆ. ಇದನ್ನು 'ಸೌಹಾರ್ದದ ಸಂಗೀತ' ಎಂದು ಬರೆಯುವವರು ಇಲ್ಲಿ ಬಾಡಿಗೆಗಿದ್ದವರಲ್ಲ. ಸದ್ದು ಸದ್ದೇ. ಎರಡು ತಿಂಗಳಲ್ಲಿ ಅಭ್ಯಾಸವಾಗುತ್ತದೆ, ಆಗದವರು ಬಿಟ್ಟು ಹೋಗುತ್ತಾರೆ. ಎಲ್ಲರ ಸದ್ದನ್ನೂ ಎಲ್ಲರೂ ಸಹಿಸುತ್ತಾರೆ ಎಂಬುದಷ್ಟೇ ಇಲ್ಲಿಯ ಒಪ್ಪಂದ, ಮತ್ತು ಅದು ಸಣ್ಣ ಒಪ್ಪಂದವಲ್ಲ.

ಮಾರ್ಕೆಟಿಗೆ ಹತ್ತಿರದ ಎರಡು ಆಸ್ಪತ್ರೆಗಳನ್ನು ಗೆಳೆಯರು ತಿಳಿದಿರಬೇಕಿತ್ತು. ಒಂದು ಬೌರಿಂಗ್, 1868ರದು, ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು; ಪ್ಯಾರಿಸಿನ ಒಂದು ಆಸ್ಪತ್ರೆಯ ಮಾದರಿಯಲ್ಲಿ ಅದರ ನಕ್ಷೆ ಮಾಡಿದ್ದರಂತೆ. ಇನ್ನೊಂದು ಗೋಷಾ ಆಸ್ಪತ್ರೆ. 'ಗೋಷಾ' ಎಂದರೆ ಪರದೆ. ಗಂಡು ಡಾಕ್ಟರ ಮುಂದೆ ಬರಲಾರದೆ ಹೆರಿಗೆಯಲ್ಲಿ ಮನೆಯಲ್ಲೇ ಸಾಯುತ್ತಿದ್ದ ಹೆಂಗಸರಿಗಾಗಿ ಹಾಜಿ ಸರ್ ಇಸ್ಮಾಯಿಲ್ ಸೇಠ್ 1925ರಲ್ಲಿ ಕಟ್ಟಿಸಿಕೊಟ್ಟದ್ದು. ಪರದೆಯನ್ನು ಹಳಿಯುತ್ತಾ ಕೂರುವುದು ಸುಲಭವಿತ್ತು. ಸೇಠರು ಪರದೆಯೊಳಗಿನ ಹೆಂಗಸು ಬದುಕುವ ದಾರಿ ಹುಡುಕಿದರು. ಈಗ ಅಲ್ಲಿ ಎಲ್ಲ ಜಾತಿಯ ಬಡ ಹೆಣ್ಣುಮಕ್ಕಳೂ ಹೆರುತ್ತಾರೆ. ಕಛ್‌ನಿಂದ ಬಂದ ಮೇಮನ್ ಮನೆತನದ ಈ ಸೇಠರಿಗೆ ಮೈಸೂರು ಮಹಾರಾಜರು 'ಫಖ್ರುತ್ತುಜ್ಜಾರ್', ವ್ಯಾಪಾರಿಗಳ ಹೆಮ್ಮೆ, ಎಂಬ ಬಿರುದು ಕೊಟ್ಟಿದ್ದರು. ರಸೆಲ್ ಮಾರ್ಕೆಟ್ 1927ರಲ್ಲಿ ಕಟ್ಟಿದ್ದು. 1933ರಲ್ಲಿ ಅದನ್ನು ವಿಧ್ಯುಕ್ತವಾಗಿ ತೆರೆದವರೂ ಅವರೇ. ಮರುವರ್ಷ ತೀರಿಕೊಂಡರು. ಇದೇ ರೀತಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡ ಮಕ್ಕಳಿಗಾಗಿ 1873ರಲ್ಲಿ ಶಾಲೆ ತೆರೆದರು. ದಂಡಿನಲ್ಲಿ ದುಡಿದು ಗಳಿಸಿದವರು ಗಳಿಸಿದ್ದನ್ನು ಬೀದಿಗೆ ಮರಳಿಸಿದ ಕಾಲ ಅದು.

2012ರ ಫೆಬ್ರವರಿಯ ಒಂದು ಬೆಳಗಿನ ಜಾವ ಅದೇ ಮಾರ್ಕೆಟಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ನಾನು ಮಧ್ಯಾಹ್ನ ಹೋದಾಗ ಕರಕಾದ ಹಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ. ಸುಟ್ಟ ಸೇಬಿನ ರಾಶಿಯ ಮುಂದೆ ಒಬ್ಬ ಮುದುಕ ಸ್ಟೂಲು ಹಾಕಿ ಕೂತಿದ್ದ, ಎಂದಿನಂತೆ, ಗಿರಾಕಿ ಬರುತ್ತಾರೆ ಎಂಬಂತೆ. ಸರ್ಕಾರದ ದಾರಿ ಕಾಯದೆ ವ್ಯಾಪಾರಿಗಳು ತಾವೇ ದುಡ್ಡು ಹಾಕಿ ರಿಪೇರಿ ಮಾಡಿಕೊಂಡು ಮತ್ತೆ ಬಾಗಿಲು ತೆರೆದರು. ಹಳೆಯ ಕಟ್ಟಡ, ಹಳೆಯ ವೈರು, ಇಕ್ಕಟ್ಟಾದ ಗಲ್ಲಿ, ಇದು ಇಲ್ಲಿಯ ನಿತ್ಯದ ಅಪಾಯ. ಮನೆ ನೋಡುವಾಗ ಮೀಟರ್ ಬೋರ್ಡು ಎಲ್ಲಿದೆ, ಅಗ್ನಿಶಾಮಕದ ಗಾಡಿ ಬೀದಿಯೊಳಗೆ ತಿರುಗುತ್ತದೆಯೇ ಎಂದು ನೋಡಿ ಎಂದು ಗೆಳೆಯರಿಗೆ ಹೇಳಿದೆ. ಅವರು ಗೋಡೆಯ ಬಣ್ಣ ಮಾತ್ರ ನೋಡಿದ್ದರು.

ಪಕ್ಕದ ಫ್ರೇಜರ್ ಟೌನ್ ನೋಡಿದರೆ ಬೇರೆಯೇ ಪ್ರಪಂಚ. ನೇರ ರಸ್ತೆಗಳು, ಮರಗಳು, ಅಲ್ಲಲ್ಲಿ ಉಳಿದಿರುವ ಮಂಕಿಟಾಪ್ ಮನೆಗಳು. ಅದು ರೋಗದಿಂದ ಹುಟ್ಟಿದ ಊರು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯವರು ಊರು ಬಿಟ್ಟರು. ಮಲ್ಲೇಶ್ವರ, ಬಸವನಗುಡಿಗಳಿಗೆ ಜನ ಹೋಗಿ ತುಂಬಿಕೊಂಡದ್ದು ಆಗ. ದಂಡಿನಲ್ಲಿ ಬ್ಲ್ಯಾಕ್‌ಪಲ್ಲಿಯ ಗಿಜಿಗಿಜಿ ಓಣಿಗಳೇ ರೋಗದ ಗೂಡೆಂದು ಮನೆಗಳನ್ನು ಕೆಡವಿದರು. ಜನರನ್ನು ಎಲ್ಲಿಗೆ ಕಳಿಸುವುದು? ಪ್ಲೇಗ್ ಅಧಿಕಾರಿಯಾಗಿದ್ದ ಜೆ.ಎಚ್. ಸ್ಟೀಫನ್ಸ್ ಇಲಿ ಸೇರದ, ಗಾಳಿ ಬೆಳಕು ಬರುವ ಮನೆಗಳ ಹೊಸ ಬಡಾವಣೆಯೊಂದನ್ನು ಯೋಜಿಸಿದರು. 1906ರಲ್ಲಿ ಅಡಿಗಲ್ಲು, 1910ರಲ್ಲಿ ಉದ್ಘಾಟನೆ, ರೆಸಿಡೆಂಟ್ ಸ್ಟುಅರ್ಟ್ ಫ್ರೇಜರ್ ಹೆಸರು. ಈಗ ಸರ್ಕಾರಿ ಕಾಗದದಲ್ಲಿ ಪುಲಿಕೇಶಿನಗರ. ಚಾಳುಕ್ಯ ಚಕ್ರವರ್ತಿಗೆ ಈ ಜಾಗದ ಋಣವೇನೂ ಇರಲಿಲ್ಲ, ಆದರೂ ಇರಲಿ. ಅಲ್ಲಿಯ ಮಾಸ್ಕ್ ರಸ್ತೆಯ ಮಸೀದಿಯೂ ಇಸ್ಮಾಯಿಲ್ ಸೇಠರದ್ದೇ. ಅದೇ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯ ಭೇಜಾ ಪಫ್ ತಿನ್ನಲು ರಂಜಾನಿನ ಸಂಜೆ ಜಯನಗರದಿಂದಲೂ ಕಾರು ಕಟ್ಟಿಕೊಂಡು ಬರುತ್ತಾರೆ.

ತಿನ್ನಲು ಬರುವವರ ಬಗ್ಗೆ ಒಂದು ಮಾತು. ಈಗೀಗ ರಂಜಾನಿನಲ್ಲಿ ಕ್ಯಾಮೆರಾ ಹಿಡಿದವರೇ ಹೆಚ್ಚು. ಕಬಾಬಿನ ಹೊಗೆಯ ಫೋಟೋ ತೆಗೆದು, ತಿಂದು, ಕಾಗದದ ತಟ್ಟೆಯನ್ನು ಯಾರದೋ ಗೇಟಿನ ಮುಂದೆ ಎಸೆದು ಹೋಗುತ್ತಾರೆ. ಅಲ್ಲಿಯ ನಿವಾಸಿಗಳು, ಅವರಲ್ಲಿ ಮುಸಲ್ಮಾನರೂ ಇದ್ದಾರೆ, ಗಲೀಜು, ಟ್ರಾಫಿಕ್ ಎಂದು ದೂರು ಕೊಟ್ಟದ್ದನ್ನು ಕೆಲವರು ಕೋಮಿನ ಜಗಳವೆಂದು ತಿರುಚಿದರು. ಅದು ಕೋಮಿನದಲ್ಲ, ತಟ್ಟೆಯದು. ಒಂದು ಊರನ್ನು ರುಚಿ ನೋಡುವುದು ಬೇರೆ, ಅಲ್ಲಿ ಸಂಸಾರ ಮಾಡುವುದು ಬೇರೆ.

ನೀರು. ದಂಡಿಗೆ ಮೊದಲಿನಿಂದಲೂ ನೀರಿನ ತಾಪತ್ರಯ. ಹಲಸೂರು ಕೆರೆ, ಮಿಲ್ಲರ್ಸ್ ಕೆರೆಗಳು ಸಾಲದೆ 1882ರಲ್ಲಿ ಸ್ಯಾಂಕಿ ಕೆರೆ ಮಾಡಿದ್ದು ದಂಡಿನ ಸಲುವಾಗಿ. ಮಿಲ್ಲರ್ಸ್ ಕೆರೆ ಈಗಿಲ್ಲ, ರಸ್ತೆಯ ಹೆಸರಿನಲ್ಲಿ ಮಾತ್ರ ಇದೆ. ಹಳೆಯ ಮನೆಯಾದರೆ ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ತೊಟ್ಟಿ ಎಷ್ಟು ದೊಡ್ಡದು ಎಂದು ಮನೆಯವರನ್ನಲ್ಲ, ಕೆಳಗಿನ ಅಂಗಡಿಯವನನ್ನು ಕೇಳಬೇಕು.

ಕಾಗದಪತ್ರದ ವಿಷಯ ಇನ್ನೂ ಕಷ್ಟ. ಇಲ್ಲಿ ಒಂದು ಬಾಗಿಲಿಗೆ ನಾಲ್ಕು ಮಂದಿ ವಾರಸುದಾರರು. ಎಷ್ಟೋ ಅಂಗಡಿ-ಮನೆಗಳು ಮಸೀದಿಯ ವಕ್ಫ್‌ಗೋ ಚರ್ಚಿಗೋ ದೇವಸ್ಥಾನದ ಟ್ರಸ್ಟಿಗೋ ಸೇರಿದವು. ಕೊಳ್ಳುವವರು ಇದನ್ನು ವಿಚಾರಿಸದೆ ಮುಂಗಡ ಕೊಡಬಾರದು. ಬಾಡಿಗೆಯ ಬದಲು 'ಲೀಸ್' ಅಂದರೆ ಭೋಗ್ಯಕ್ಕೆ ಹಾಕಿಕೊಳ್ಳುವ ಪದ್ಧತಿ ಈ ಭಾಗದಲ್ಲಿ ಬಹಳ. ಒಟ್ಟು ಮೊತ್ತ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ಮರಳಿ ಪಡೆಯುವುದು. ಸಾಲಕ್ಕೆ ಪ್ರತಿಫಲವಾಗಿ ಮನೆ ಅನುಭವಿಸುವುದು ಬಡ್ಡಿಯಾಗುತ್ತದೆಯೇ ಎಂದು ನಮ್ಮ ಉಲೇಮಾಗಳಲ್ಲಿ ಚರ್ಚೆಯಿದೆ. ಧರ್ಮದ ಪ್ರಶ್ನೆ ಹಾಗಿರಲಿ, ಲೋಕದ ಪ್ರಶ್ನೆಯೂ ಇದೆ: ಹಣ ಪಡೆಯುವವನು ನಿಜವಾದ ಮಾಲೀಕನೋ, ನಡುವಿನ ದಲ್ಲಾಳಿಯೋ? ಕರಾರನ್ನು ನೋಂದಾಯಿಸದೆ ದುಡ್ಡು ಕೊಡಬಾರದು.

ದುಡ್ಡಿನ ಮಾತು ಬಂದಾಗ ಇಲ್ಲಿಯವರ ಮುಖ ಇವತ್ತಿಗೂ ಕಪ್ಪಿಡುತ್ತದೆ. 2019ರ ಜೂನ್ ತಿಂಗಳಲ್ಲಿ, ಈದ್ ಕಳೆದ ಬೆನ್ನಿಗೆ, ಬಡ್ಡಿಯಿಲ್ಲದ 'ಹಲಾಲ್ ಲಾಭ' ಕೊಡುತ್ತೇವೆಂದು ಹಣ ಎತ್ತಿದ್ದ ಒಂದು ಹೂಡಿಕೆ ಕಂಪನಿಯ ಮುಖ್ಯಸ್ಥ ದೇಶ ಬಿಟ್ಟು ಹೋದ. ಮರುದಿನ ಶಿವಾಜಿನಗರದಲ್ಲಿ ದೂರು ಕೊಡಲು ಬಂದವರ ಸಾಲು ನೋಡಬೇಕಿತ್ತು. ಮಗಳ ಮದುವೆಗೆಂದು ಕೂಡಿಟ್ಟವರು, ಒಡವೆ ಮಾರಿ ಹಾಕಿದ ವಿಧವೆಯರು, ಸೌದಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಹತ್ತಾರು ಸಾವಿರ ಕುಟುಂಬಗಳು. ಬ್ಯಾಂಕಿಗೆ ಹಾಕಿದರೆ ಬಡ್ಡಿಯ ಪಾಪ ಎಂದು ಅಂಜಿದವರ ಆ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡವರು ಗಡ್ಡ ಬಿಟ್ಟು, ಟೋಪಿ ಹಾಕಿಕೊಂಡೇ ಬಂದಿದ್ದರು. ಹೊರಗಿನ ಶತ್ರುವಿನ ಬಗ್ಗೆ ಎಷ್ಟೊಂದು ಭಾಷಣ ಕೇಳಿದ್ದೇವೆ! ಒಳಗಿನವನ ಬಗ್ಗೆ ಎಚ್ಚರಿಸಿದವರು ಕಡಿಮೆ. ಇಸ್ಮಾಯಿಲ್ ಸೇಠರು ಆಸ್ಪತ್ರೆ ಕಟ್ಟಿಸಿಕೊಟ್ಟ ಬೀದಿಗಳಲ್ಲೇ ಇದು ನಡೆಯಿತು ಎಂಬುದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಗೆಳೆಯರು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ನಾನೇ ಎತ್ತಿದೆ: ಗಲಭೆ. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಉರ್ದುವಿನಲ್ಲಿ ಹತ್ತು ನಿಮಿಷದ ವಾರ್ತೆ ಶುರು ಮಾಡಿತು. ಅದನ್ನು ವಿರೋಧಿಸಿ ಎದ್ದ ಚಳವಳಿ ಕೋಮುಗಲಭೆಯಾಗಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ನಾನಾಗ ನಮ್ಮೂರಿನ ಹೈಸ್ಕೂಲಿನಲ್ಲಿದ್ದೆ. ನಾಲ್ಕನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ. ಆ ವಾರ ತರಗತಿಯಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬನೇ ಕೂತಿದ್ದೆ. ಕನ್ನಡದ ಮೇಷ್ಟರು ಬಂದು ಏನೂ ಹೇಳದೆ ನನ್ನ ಕೈಗೆ ಪುಸ್ತಕ ಕೊಟ್ಟು "ಇವತ್ತು ಪಾಠ ನೀನು ಓದು" ಅಂದರು. ಗಂಟೆ ಹೊಡೆಯುವವರೆಗೂ ಓದಿದೆ. ನಾನು ಕನ್ನಡದಲ್ಲಿ ಕತೆ ಬರೆಯುವವನಾದದ್ದು ಅಂದೇ ಇರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಹತ್ತು ನಿಮಿಷದ ವಾರ್ತೆಗೆ ಇಪ್ಪತ್ತು ಹೆಣ ಬಿದ್ದದ್ದು ನಮ್ಮ ಮನೆಯ ಎರಡು ಭಾಷೆಗಳ ನಡುವೆ. ಅದೇ ಬೆಂಗಳೂರಿನಿಂದ ಮಹಮೂದ್ ಅಯಾಜ್ ಅವರು 'ಸೌಗಾತ್' ಎಂಬ ಪತ್ರಿಕೆ ತಂದು ಇಡೀ ದೇಶದ ಉರ್ದು ಓದುಗರು ಈ ಕಡೆ ತಿರುಗಿ ನೋಡುವಂತೆ ಮಾಡಿದ್ದರು. ನಗರದ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

2020ರ ಆಗಸ್ಟ್ 11ರ ರಾತ್ರಿ ಫ್ರೇಜರ್ ಟೌನಿನ ಆಚೆ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದದ್ದೂ ಗೊತ್ತಿರಬೇಕು. ಒಂದು ಫೇಸ್‌ಬುಕ್ ಬರಹದಿಂದ ಕೆರಳಿದ ಗುಂಪು ಶಾಸಕರ ಮನೆಗೆ, ಪೊಲೀಸ್ ಠಾಣೆಗೆ, ವಾಹನಗಳಿಗೆ ಬೆಂಕಿ ಇಟ್ಟಿತು. ಪೊಲೀಸರ ಗುಂಡಿಗೆ ಮೂವರು ಸತ್ತರು. ನೂರಾರು ಮಂದಿ ಜೈಲಿಗೆ ಹೋದರು. ಅದೇ ರಾತ್ರಿ ದೇವಸ್ಥಾನವೊಂದರ ಸುತ್ತ ಮುಸ್ಲಿಂ ಹುಡುಗರು ಕೈಕೈ ಹಿಡಿದು ನಿಂತ ವಿಡಿಯೋವನ್ನು ನಮ್ಮವರು ಎಲ್ಲರಿಗೂ ಕಳಿಸಿದರು. ಆ ಸರಪಳಿ ಸುಳ್ಳಲ್ಲ. ಆದರೆ ಸುಟ್ಟ ಮನೆಯೂ ಸುಳ್ಳಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ಎರಡೂ ಕಡೆಯವರು ಮಾಡುವ ಕೆಲಸ.

ಗೆಳೆಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವೇಕೆ ಇಲ್ಲೇ ಇದ್ದೀರಿ?" ಎಂದು ಕೇಳಿದರು.

ನಿಜ ಹೇಳಬೇಕೆಂದರೆ, ನಾನು ಈ ಬೀದಿಯನ್ನು ಅದರ ಇತಿಹಾಸಕ್ಕೆ ಮರುಳಾಗಿ ಆರಿಸಿಕೊಂಡವನಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮದುವೆಯಾದ ಹೊಸತರಲ್ಲಿ ನಗರದ ದಕ್ಷಿಣ ಭಾಗದಲ್ಲಿ ಮನೆ ಹುಡುಕಿದ್ದೆ. ಕೆಲಸದ ಜಾಗ ಅಲ್ಲಿಗೆ ಹತ್ತಿರವಿತ್ತು. ಒಬ್ಬ ಮಾಲೀಕರು ನನ್ನ ಕನ್ನಡ ಕೇಳಿ ಸಂತೋಷಪಟ್ಟು ಕಾಫಿ ಕೊಟ್ಟರು, ಸಾಹಿತ್ಯದ ಮಾತಾಡಿದರು. ಅಡ್ವಾನ್ಸ್ ರಸೀತಿ ಬರೆಯಲು ಹೆಸರು ಕೇಳಿದರು. ಹೇಳಿದೆ. ಪೆನ್ನಿನ ಕ್ಯಾಪು ಮುಚ್ಚಿ, "ನನ್ನದೇನೂ ಇಲ್ಲ, ಮನೆಯವರನ್ನು ಒಂದು ಮಾತು ಕೇಳಬೇಕು" ಅಂದರು. ಹೀಗೆ ಏಳು ಮನೆ. ಎಂಟನೆಯದು ಶಿವಾಜಿನಗರದ್ದು. ಇಲ್ಲಿಯ ಮಾಲೀಕ, ತಮಿಳು ಕ್ರೈಸ್ತ ಮುದುಕ, ಹೆಸರು ಕೇಳಲೇ ಇಲ್ಲ. "ರಾತ್ರಿ ಹನ್ನೊಂದಕ್ಕೆ ಗೇಟು ಹಾಕುತ್ತೇನೆ" ಎಂದಷ್ಟೇ ಹೇಳಿದ.

ನಿಮ್ಮ ಪ್ರಶ್ನೆ 'ಇಲ್ಲಿ ಇರಬಹುದಾ' ಎಂದು; ಕಳೆದ ತಿಂಗಳು ನನ್ನ ತಂಗಿಯ ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಬಂದವನು 'ಮಾಮಾ, ಬೇರೆ ಕಡೆ ಕೊಡ್ತಾರಾ?' ಎಂದು ಕೇಳಿದ ಎಂದು ಗೆಳೆಯರಿಗೆ ಹೇಳಿದೆ. ಅವನ ಕಂಪನಿ ಎಲೆಕ್ಟ್ರಾನಿಕ್ಸ್ ಸಿಟಿಯ ಕಡೆ. ದಿನಾ ಹೋಗಿ ಬರಲು ಮೂರು ಗಂಟೆ. ಈ ಬೀದಿಗಳಲ್ಲಿ ಮುಸಲ್ಮಾನರೇ ಹೆಚ್ಚಾಗುತ್ತಾ ಹೋದದ್ದಕ್ಕೆ ನಾವು ಒಟ್ಟಿಗಿರಲು ಇಷ್ಟಪಡುತ್ತೇವೆ ಎನ್ನುವುದು ಅರ್ಧ ಕಾರಣ. ಉಳಿದರ್ಧ ಆ ಮುಚ್ಚಿದ ಪೆನ್ನಿನ ಕ್ಯಾಪಿನಲ್ಲಿದೆ. ದಂಡಿನ ಕಾಲದಲ್ಲಿ ಯಾರು ಎಲ್ಲಿರಬೇಕೆಂದು ರೆಸಿಡೆಂಟನ ಕಾನೂನು ಹೇಳುತ್ತಿತ್ತು. ಈಗ ಕಾನೂನು ಹೇಳುವುದಿಲ್ಲ, ಮನೆಯವರನ್ನು ಕೇಳುತ್ತಾರೆ.

ಹಳೆಯ ಮೊದಲಿಯಾರ್ ಮನೆಗಳು ಒಂದೊಂದಾಗಿ ಮಾರಾಟವಾಗಿವೆ. 1896ರಲ್ಲಿ ಶುರುವಾಗಿ ಮೂಕಿಚಿತ್ರಗಳ ಕಾಲ ಕಂಡಿದ್ದ ಎಲ್ಗಿನ್ ಟಾಕೀಸು ಮುಚ್ಚಿತು. ಮೆಟ್ರೋಗಾಗಿ ನೆಲ ಅಗೆಯುತ್ತಿದ್ದಾಗ ಬಸ್ ನಿಲ್ದಾಣದ ಸುತ್ತ ವರ್ಷಗಟ್ಟಲೆ ಧೂಳು ತಿಂದೆವು. ಸುರಂಗ ಬಂದಲ್ಲಿಗೆ ಬಾಡಿಗೆಯೂ ಏರುತ್ತದೆ. ಆಮೇಲೆ ಇಲ್ಲಿ ಯಾರು ಉಳಿಯುತ್ತಾರೋ, ಗುಜರಿಯ ಹುಡುಗರಂತೂ ಉಳಿಯುವುದು ಕಷ್ಟ.

ಮರುದಿನ ಬೆಳಿಗ್ಗೆ ಗೆಳೆಯರು ಹೆಂಡತಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ನಾನು ಕೇಳಿಸಿಕೊಳ್ಳಲಿಲ್ಲ. ಹೊರಡುವ ಮುನ್ನ ಚಪ್ಪಲಿ ಹಾಕಿಕೊಳ್ಳುತ್ತಾ, "ಸಾಮಾನಿನ ಲಾರಿ ಯಾವ ಹೊತ್ತಿಗೆ ಒಳಗೆ ಬರುತ್ತದೆ?" ಅಂದರು. ಬೆಳಗಿನ ಜಾವ ಐದಕ್ಕೆ ಮೊದಲು, ಮಾರ್ಕೆಟಿನ ಲಾರಿಗಳು ಹೋದ ಮೇಲೆ ಅರ್ಧ ಗಂಟೆ ದಾರಿ ಬಿಡುವಾಗಿರುತ್ತದೆ, ಸೆಪ್ಟೆಂಬರ್ ಎಂಟರ ಒಳಗೆ ಮಾತ್ರ ಬೇಡ ಅಂದೆ.